ಹೊಳೆ ಎಷ್ಟು ದಾಟಿದೆ?

ಜಾರ್ಜಿಯಾದ ಬಟುಮಿಯಿಂದ ಕುಟೈಸಿ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 95 ಕಿಲೋಮೀಟರ್. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೋಗುವ ಎಂಐ-8 ಹೆಲಿಕಾಪ್ಟರಿಗೆ ಅರ್ಧ ಗಂಟೆಯೂ ಬೇಡ. ಉಡುಪಿ, ಮಣಿಪಾಲ, ಸುರತ್ಕಲ್, ಮಂಗಳೂರುಗಳಲ್ಲಿ ಅವರವರ ಮನೆಯ ಕಂಪ್ಯೂಟರಿನ ಮುಂದೆ ಕೂತು, ವಾರಾಂತ್ಯದ ರಾತ್ರಿ ಒಟ್ಟಿಗೆ ಡಿಸಿಎಸ್ ವರ್ಲ್ಡ್ ಎಂಬ ಯುದ್ಧವಿಮಾನ, ಹೆಲಿಕಾಪ್ಟರುಗಳ ಸಿಮ್ಯುಲೇಟರ್ ಆಟ ಆಡುವ ನಮ್ಮ ಸಣ್ಣ ಗುಂಪಿಗೆ ಹೊಸಬರು ಬಂದಾಗ ಮೊದಲು ಕೊಡುವ ಹಾರಾಟ ಇದು. ಶತ್ರುವಿಲ್ಲ, ಗುಂಡಿಲ್ಲ. ಹಗಲು ಹೊತ್ತು, ತಿಳಿ ಆಕಾಶ, ಪಕ್ಕದಿಂದ ಬೀಸುವ ಗಾಳಿ. ನಿಮ್ಮ ಹೆಲಿಕಾಪ್ಟರ್ ಎಲ್ಲಿದೆಯೆಂದು ನಕ್ಷೆಯ ಮೇಲೆ ತೋರಿಸುವ ಗುರುತನ್ನು ಮಾತ್ರ ತೆಗೆದುಹಾಕಿರುತ್ತೇವೆ. ಹೊಸಬರಲ್ಲಿ ಹೆಚ್ಚಿನವರಿಗೆ ಕುಟೈಸಿ ಸಿಗುವುದಿಲ್ಲ. ಬೆಟ್ಟಗಳ ನಡುವೆ ಎಲ್ಲೋ ಸುತ್ತುತ್ತ, ಆಟದಲ್ಲೇ ಏನೋ ದೋಷವಿದೆ ಎನ್ನುತ್ತಾರೆ.

ಆ ದೂರನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಈಗಲ್ ಡೈನಾಮಿಕ್ಸ್ ಸಂಸ್ಥೆಯ ಈ ಆಟ ಬಹಳ ದೊಡ್ಡದು. ಅದರಲ್ಲಿ ದೋಷಗಳು ಇದ್ದೇ ಇವೆ. ಆದರೆ ದಾರಿ ತಪ್ಪಿದ ಹಾರಾಟವೊಂದನ್ನು ಮರುದಿನ ನಿಧಾನವಾಗಿ ಬಿಡಿಸಿ ನೋಡಿದರೆ ಸಿಗುವುದು ಸಾಮಾನ್ಯವಾಗಿ ಬೇರೆಯೇ ಸಂಗತಿ. ಗಾಳಿ ತನ್ನ ಪಾಲಿನ ತಪ್ಪನ್ನು ಸೇರಿಸಿರುತ್ತದೆ, ದಿಕ್ಸೂಚಿ ತನ್ನದನ್ನು, ದಿಕ್ಕು ಹಿಡಿದಿಡುವ ತಿರುಗುಚಕ್ರವಾದ ಗೈರೋ ತನ್ನದನ್ನು. ಒಂದೊಂದೂ ಚಿಕ್ಕದು, ಒಂದೊಂದಕ್ಕೂ ಕಾರಣವಿದೆ, ಎಲ್ಲವೂ ಸದ್ದಿಲ್ಲದೆ ಬೆಳೆಯುತ್ತವೆ. ಹೀಗೆ ದಾರಿ ತಪ್ಪಲು ಬಿಡುವುದೇ ಈ ಆಟದ ದೊಡ್ಡ ಗುಣ ಎಂಬುದು ನನ್ನ ನಂಬಿಕೆ. ಕ್ಷಿಪಣಿ ಹಾರಿಸುವುದನ್ನು ಕಲಿಸುವ ಆಟಗಳು ಎಷ್ಟೋ ಇವೆ. ‘ನಾನೀಗ ಎಲ್ಲಿದ್ದೇನೆ?’ ಎಂಬ ಪ್ರಶ್ನೆಯನ್ನು ಇಷ್ಟು ಪ್ರಾಮಾಣಿಕವಾಗಿ ಮುಂದಿಡುವ ಆಟಗಳು ತೀರ ಕಡಿಮೆ.

ಮೊದಲು ಗಾಳಿಯ ವಿಷಯ. ಹೆಲಿಕಾಪ್ಟರ್ ನಿಧಾನವಾಗಿ ಹೋಗುವ ವಾಹನ. ಸೆಕೆಂಡಿಗೆ 10 ಮೀಟರ್ ಎಂದರೆ ಗಂಟೆಗೆ 36 ಕಿಲೋಮೀಟರ್. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಪರೂಪವೇನೂ ಅಲ್ಲದ ಗಾಳಿ. ಗಂಟೆಗೆ 900 ಕಿಲೋಮೀಟರ್ ವೇಗದ ಜೆಟ್ ವಿಮಾನಕ್ಕೆ ಈ ಗಾಳಿ ಅಡ್ಡ ಬಂದರೆ ಅದು ಸರಿಯುವುದು ಎರಡು ಡಿಗ್ರಿ ಚಿಲ್ಲರೆ ಮಾತ್ರ. 200ರ ವೇಗದ ಹೆಲಿಕಾಪ್ಟರ್ 10 ಡಿಗ್ರಿಗೂ ಹೆಚ್ಚು ಸರಿಯುತ್ತದೆ. ಬಟುಮಿಯಿಂದ ಮೂಗನ್ನು ಕುಟೈಸಿಯ ಕಡೆಗೇ ಇಟ್ಟುಕೊಂಡು ಗಾಳಿಯನ್ನು ಲೆಕ್ಕಿಸದೆ ಹೋದವರು ಅರ್ಧ ಗಂಟೆಯೊಳಗೆ 17 ಕಿಲೋಮೀಟರ್ ಪಕ್ಕಕ್ಕೆ ಹೋಗಿರುತ್ತಾರೆ. 17 ಕಿಲೋಮೀಟರ್ ಎಂದರೆ ಇನ್ನೊಂದು ಕಣಿವೆ.

ಒಂದೇ ಸಮನೆ ಬೀಸುವ ಗಾಳಿ ಒಳಗೆ ಕೂತವರ ಮೈಗೆ ತಿಳಿಯುವುದಿಲ್ಲ. ಇದು ಆಟದ ಕೊರತೆಯಲ್ಲ, ನಿಜವಾದ ಹೆಲಿಕಾಪ್ಟರಿನಲ್ಲೂ ಹೀಗೆಯೇ. ಸುತ್ತಲಿನ ಗಾಳಿಯ ಇಡೀ ರಾಶಿಯೇ ಸರಿಯುತ್ತಿರುವಾಗ ಅದರೊಳಗಿರುವವರಿಗೆ ಸರಿದದ್ದರ ಅರಿವಾಗುವುದು ನೆಲವನ್ನು ನೋಡಿದಾಗ ಮಾತ್ರ. ಸೇನೆಯ ಹೆಲಿಕಾಪ್ಟರಿಗೆ ನೆಲ ಸರಿಯಾಗಿ ಕಾಣಿಸುವುದೂ ಇಲ್ಲ. ರೇಡಾರಿನ ಕಣ್ಣು ತಪ್ಪಿಸಲು ಅದು ಮರಗಳ ತುದಿಗೆ ತಾಗುವಷ್ಟು ಕೆಳಗೆ ಹಾರಬೇಕು. ಗಂಟೆಗೆ 200 ಕಿಲೋಮೀಟರ್ ಎಂದರೆ ಸೆಕೆಂಡಿಗೆ 55 ಮೀಟರ್. ಸೇತುವೆಯೊಂದು ಕಂಡಿತು ಎನ್ನುವಷ್ಟರಲ್ಲಿ ಹಿಂದೆ ಬಿದ್ದಿರುತ್ತದೆ, ಹಳ್ಳಿಯೊಂದು ಗುಡ್ಡದ ಮರೆಯಿಂದ ಎದ್ದು ಮತ್ತೆ ಮರೆಗೇ ಹೋಗುತ್ತದೆ. ಇಷ್ಟರ ಮೇಲೆ ಆಟದಲ್ಲಿ ನಮ್ಮ ನೋಟ ಒಂದು ಪರದೆಯ ಅಗಲಕ್ಕೆ ಕಟ್ಟಿಬಿದ್ದಿದೆ. ಓರೆಗಣ್ಣಿಗೆ ಏನೂ ಬೀಳುವುದಿಲ್ಲ. ಈ ಒಂದು ವಿಷಯದಲ್ಲಿ ನಿಜವಾದ ಪೈಲಟ್ ನಮಗಿಂತ ಭಾಗ್ಯವಂತ.

ಎರಡನೆಯದು ಉತ್ತರ ದಿಕ್ಕು. ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರ ಬೇರೆ, ಭೂಮಿಯ ನಿಜವಾದ ಉತ್ತರ ಬೇರೆ ಎಂದು ಶಾಲೆಯಲ್ಲಿ ಓದಿದ ನೆನಪು ಎಲ್ಲರಿಗೂ ಇದೆ. ಆದರೆ ಮಂಗಳೂರು, ಉಡುಪಿಗಳಲ್ಲಿ ಬೆಳೆದವರಿಗೆ ಅದರ ಬಿಸಿ ತಟ್ಟಿಯೇ ಇರುವುದಿಲ್ಲ, ಯಾಕೆಂದರೆ ನಮ್ಮ ಊರಿನಲ್ಲಿ ಆ ಎರಡರ ನಡುವಿನ ಅಂತರ ಒಂದೆರಡು ಡಿಗ್ರಿಯಷ್ಟೇ. ಜಾರ್ಜಿಯಾ ಇರುವ, ಆಟದ ಕಾಕಸಸ್ ನಕ್ಷೆಯಲ್ಲಿ ಅದು 6 ಡಿಗ್ರಿಗೂ ಹೆಚ್ಚು, ಪೂರ್ವಕ್ಕೆ. ವಿಮಾನ ನಡೆಸುವವರು ಬಾಯಿಪಾಠ ಮಾಡಿಕೊಂಡಿರುವ ಲೆಕ್ಕವೊಂದಿದೆ: 60 ಕಿಲೋಮೀಟರ್ ಹಾರಿದರೆ ಒಂದು ಡಿಗ್ರಿ ತಪ್ಪಿಗೆ ಒಂದು ಕಿಲೋಮೀಟರ್. ಹಾಗಾದರೆ 6 ಡಿಗ್ರಿ ತಪ್ಪಿಗೆ, 95 ಕಿಲೋಮೀಟರಿಗೆ, ಹತ್ತಿರ ಹತ್ತಿರ 10 ಕಿಲೋಮೀಟರ್. ಗಾಳಿಯೇ ಇಲ್ಲದ ದಿನದಲ್ಲೂ.

ದಿಕ್ಸೂಚಿಯ ಜೊತೆಗೆ ಗೈರೋ ಬರುತ್ತದೆ. ಬರಿಯ ಕಾಂತದ ಮುಳ್ಳು ತಿರುವುಗಳಲ್ಲಿ ಹೊಯ್ದಾಡುವುದರಿಂದ ಹೆಲಿಕಾಪ್ಟರಿನಲ್ಲಿ ದಿಕ್ಕನ್ನು ಹಿಡಿದಿಡುವ ಕೆಲಸ ತಿರುಗುವ ಗೈರೋದ್ದು. ಗೈರೋ ಬಹಳ ಸ್ಥಿರ. ಆದರೆ ಅದು ನಿಷ್ಠೆಯಿಂದ ಹಿಡಿದಿಡುವುದು ಅಂತರಿಕ್ಷದಲ್ಲಿನ ಒಂದು ದಿಕ್ಕನ್ನು; ಅದರ ಕೆಳಗೆ ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತಲೇ ಇರುತ್ತದೆ. ಈ ತಿರುಗುವಿಕೆಯಲ್ಲಿ ಗೈರೋದ ಪಾಲಿಗೆ ಎಷ್ಟು ಬರುತ್ತದೆ ಎನ್ನುವುದು ನಾವಿರುವ ಅಕ್ಷಾಂಶವನ್ನು ಅವಲಂಬಿಸಿದೆ. ಮಂಗಳೂರಿನಲ್ಲಿ, ಅಂದರೆ ಹತ್ತಿರ ಹತ್ತಿರ 13 ಡಿಗ್ರಿ ಉತ್ತರದಲ್ಲಿ, ಗಂಟೆಗೆ ಮೂರು ಡಿಗ್ರಿ ಚಿಲ್ಲರೆ. ಬಟುಮಿಯಲ್ಲಿ, 42 ಡಿಗ್ರಿಯ ಹತ್ತಿರ, ಗಂಟೆಗೆ 10 ಡಿಗ್ರಿ. ಇದನ್ನು ಸರಿದೂಗಿಸಲೆಂದೇ ಎಂಐ-8ರ ದಿಕ್ಸೂಚಿ ಫಲಕದಲ್ಲಿ ಅಕ್ಷಾಂಶ ತಿರುಗಿಸಿ ಇಡುವ ಒಂದು ಗುಂಡಿ ಇದೆ. ಆಟದ ಕಾಕ್‌ಪಿಟ್ಟಿನಲ್ಲೂ ಅದನ್ನು ಹಾಗೆಯೇ ಇಟ್ಟಿದ್ದಾರೆ. ಬೆರಳ ತುದಿಯಷ್ಟು ದೊಡ್ಡ ಗುಂಡಿ. ಭೂಮಿ ತಿರುಗುತ್ತಿದೆ ಎಂಬುದಕ್ಕೆ ಇಷ್ಟು ನೇರವಾಗಿ ಕೈಗೆ ಸಿಗುವ ಸಾಕ್ಷಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ತಿರುಗಿಸುವಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಡಾಪ್ಲರ್. 2013ರಲ್ಲಿ ಡಿಸಿಎಸ್‌ಗೆ ಬಂದ ಎಂಐ-8ರಲ್ಲಿ ಜಿಪಿಎಸ್ ಇಲ್ಲ. ಬೇಕಿದ್ದವರು ಎನ್‌ಎಸ್ 430 ಎಂಬ ಸಾಧನವನ್ನು ಪ್ರತ್ಯೇಕವಾಗಿ ಕೊಂಡು ಕಾಕ್‌ಪಿಟ್ಟಿಗೆ ಜೋಡಿಸಿಕೊಳ್ಳಬಹುದು. ಅದಿಲ್ಲದಿದ್ದರೆ ಇರುವುದು ಡಿಐಎಸ್‌ಎಸ್-15 ಎಂಬ ಡಾಪ್ಲರ್ ಉಪಕರಣ. ಹೆಲಿಕಾಪ್ಟರಿನ ಹೊಟ್ಟೆಯಿಂದ ನೆಲಕ್ಕೆ ರೇಡಿಯೋ ಕಿರಣಗಳನ್ನು ಕಳಿಸಿ, ಮರಳಿ ಬರುವ ಅಲೆಗಳಲ್ಲಿ ಆದ ಬದಲಾವಣೆಯಿಂದ ನೆಲದ ಮೇಲಿನ ವೇಗವನ್ನೂ ಎಷ್ಟು ಪಕ್ಕಕ್ಕೆ ಸರಿಯುತ್ತಿದ್ದೇವೆ ಎಂಬುದನ್ನೂ ಅದು ಅಳೆಯುತ್ತದೆ. ಹಾಗೆ ಅಳೆದದ್ದನ್ನು ಕ್ಷಣಕ್ಷಣಕ್ಕೂ ಕೂಡುತ್ತ ಹೋಗಿ, ಹೊರಟ ಜಾಗದಿಂದ ಮುಂದಕ್ಕೆ ಎಷ್ಟು ಕಿಲೋಮೀಟರ್, ಎಡಕ್ಕೋ ಬಲಕ್ಕೋ ಎಷ್ಟು ಕಿಲೋಮೀಟರ್ ಎಂದು ತೋರಿಸುತ್ತದೆ. ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸುತ್ತ ಅಂಗಳ ದಾಟುವವರ ಹಾಗೆ: ಹೆಜ್ಜೆಯ ಲೆಕ್ಕ ಸರಿಯಾಗಿಯೇ ಇರುತ್ತದೆ, ಹೊರಟಾಗ ಮುಖ ಎತ್ತ ಇತ್ತು ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ.

ಸುರತ್ಕಲ್ಲಿನಲ್ಲಿ ಓದುತ್ತಿರುವ ಹುಡುಗನೊಬ್ಬ ನಮ್ಮ ಗುಂಪಿಗೆ ಸೇರಿದ ಹೊಸತರಲ್ಲಿ ಇದೇ ಡಾಪ್ಲರ್ ಕೆಟ್ಟಿದೆ ಎಂದು ಬಹಳ ಬೇಸರಪಟ್ಟುಕೊಂಡಿದ್ದ. ಗಾಳಿಯನ್ನು ಲೆಕ್ಕ ಹಾಕುವ ತಾಪತ್ರಯವೇ ಬೇಡವೆಂದು ಅವನು ಡಾಪ್ಲರನ್ನೇ ನಂಬಿ ಹೊರಟಿದ್ದ. ಪಕ್ಕದ ಅಂತರ ಸೊನ್ನೆಯಲ್ಲೇ ಇರುವಂತೆ ಬಹಳ ಅಚ್ಚುಕಟ್ಟಾಗಿ ಹಾರಿದ್ದ. ಮುಂದಕ್ಕೆ 95 ಕಿಲೋಮೀಟರ್ ಎಂದು ಉಪಕರಣ ತೋರಿಸಿದಾಗ ಕೆಳಗೆ ಕುಟೈಸಿಯ ಬದಲು ಕಾಡುಗುಡ್ಡ. ಹಾರಾಟದ ದಾಖಲೆಯನ್ನು ತೆರೆದು ನೋಡಿದೆವು. ಅವನಿದ್ದದ್ದು ಗುರಿಯ ಆಗ್ನೇಯಕ್ಕೆ, ಸುಮಾರು 10 ಕಿಲೋಮೀಟರ್ ದೂರದಲ್ಲಿ. ಆ 10 ಎಂಬ ಸಂಖ್ಯೆಯೇ ಎಲ್ಲವನ್ನೂ ಹೇಳಿತು. ಈ ಉಪಕರಣಕ್ಕೆ ಹೊರಡುವ ಮೊದಲು ನಾವು ಹೋಗುವ ದಾರಿಯ ಕೋನವನ್ನು ಕೊಡಬೇಕು. ಅದು ದಿಕ್ಕನ್ನು ತಿಳಿಯುವುದು ಹೆಲಿಕಾಪ್ಟರಿನ ದಿಕ್ಸೂಚಿಯಿಂದ. ಹುಡುಗ ನಿಜ ಉತ್ತರದಿಂದ ಅಳೆದ 49 ಡಿಗ್ರಿಯನ್ನು ಕೊಟ್ಟಿದ್ದ. ದಿಕ್ಸೂಚಿಯ ಲೆಕ್ಕದಲ್ಲಿ ಅದು 43 ಆಗಬೇಕಿತ್ತು. ಡಾಪ್ಲರ್ ಒಂದಿಷ್ಟೂ ತಪ್ಪಿರಲಿಲ್ಲ. ಕೊಟ್ಟ ಗೆರೆಯ ಮೇಲೆ ಅವನನ್ನು ಕರಾರುವಾಕ್ಕಾಗಿ ಕರೆದೊಯ್ದಿತ್ತು.

ಅವನಿಗೆ ಅದು ಅರ್ಥವಾದಾಗ ಅವನ ಬೇಸರವೆಲ್ಲ ಎಲ್ಲಿ ಹೋಯಿತೋ. ತಪ್ಪಿಗೆ ಕಾರಣ ಸಿಕ್ಕಿದ್ದಕ್ಕಿಂತ, ಆ ತಪ್ಪು ತನ್ನನ್ನು ಎಲ್ಲಿಗೆ ತಂದು ಬಿಡುತ್ತದೆ ಎಂದು ಮೊದಲೇ ಹೇಳಬಹುದಾಗಿತ್ತು ಎನ್ನುವುದು ಅವನಿಗೆ ದೊಡ್ಡ ಸಂತೋಷವಾಗಿ ಕಂಡಿತು. ನನಗೂ ಹಾಗೆಯೇ. ಕಾರಣವಿಲ್ಲದೆ ದಾರಿ ತಪ್ಪುವುದು ಹೆದರಿಕೆ ಹುಟ್ಟಿಸುತ್ತದೆ. ಕಾರಣವಿರುವ ತಪ್ಪಿನ ಬೆನ್ನು ಹಿಡಿದು ಹೋದರೆ ಮರಳಿ ದಾರಿಗೆ ಬರಬಹುದು.

ನೆಲದಿಂದ ಸಂಕೇತ ಕಳಿಸಿ ದಾರಿ ತೋರಿಸುವ ರೇಡಿಯೋ ಬೀಕನ್‌ಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಮುಳ್ಳು ಬೀಕನ್ನಿನ ಕಡೆ ತಿರುಗಿ ನಿಲ್ಲುತ್ತದೆ, ಮೂಗನ್ನು ಮುಳ್ಳಿನ ಮೇಲಿಟ್ಟರೆ ಇವತ್ತಲ್ಲ ನಾಳೆ ತಲಪುತ್ತೇವೆ. ಆದರೆ ಅಡ್ಡಗಾಳಿಯಲ್ಲಿ ಆ ದಾರಿ ನೇರವಾಗಿರುವುದಿಲ್ಲ. ಗಾಳಿ ಪಕ್ಕಕ್ಕೆ ತಳ್ಳುತ್ತದೆ, ಮುಳ್ಳು ಸರಿಯುತ್ತದೆ, ನಾವು ಮತ್ತೆ ಮೂಗು ತಿರುಗಿಸುತ್ತೇವೆ; ಹೀಗೆ ಒಂದು ದೊಡ್ಡ ಬಾಗಿನಲ್ಲಿ ಹೋಗಿ ಕೊನೆಗೆ ಗಾಳಿಗೆ ಎದುರಾಗಿ ಬೀಕನ್ ಸೇರುತ್ತೇವೆ. ಬಯಲಿನಲ್ಲಿ ಇದರಿಂದ ಇಂಧನ ಖರ್ಚಾಗುತ್ತದೆ ಅಷ್ಟೆ. ಬೆಟ್ಟದ ಸೀಮೆಯಲ್ಲಿ, ಮೋಡ ಕವಿದ ಹೊತ್ತಿನಲ್ಲಿ, ಆ ಬಾಗು ಯಾವ ಶಿಖರದ ಮೇಲೆ ಹಾದುಹೋಗುತ್ತದೆ ಎಂದು ನೋಡಿಕೊಳ್ಳದವರಿಗೆ ಕೇಡು ಕಾದಿದೆ.

ಮಲ್ಪೆಯಲ್ಲಿ ಮೀನುಗಾರಿಕೆ ದೋಣಿ ನಡೆಸುವ ತಂಡೇಲರಾಗಿದ್ದ ನನ್ನ ಮಾವ, ಅಮ್ಮನ ಅಣ್ಣ, ಮಳೆಗಾಲದ ರಜೆಯಲ್ಲಿ ಮನೆಗೆ ಬಂದಾಗ ಒಮ್ಮೆ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಈ ಆಟ ನೋಡಿದರು. ನಾನು ಬಟುಮಿಯಿಂದ ಕರಾವಳಿ ಹಿಡಿದು ಉತ್ತರಕ್ಕೆ ಹೋಗುತ್ತಿದ್ದೆ. ಅವರಿಗೆ ಹೆಲಿಕಾಪ್ಟರಿನಲ್ಲಿ ಆಸಕ್ತಿ ಇರಲಿಲ್ಲ, ಕಡಲಿನಲ್ಲಿ ಇತ್ತು.

“ಕಡಲು ಎಡಗಡೆ ಇದೆ. ಹಾಗಾದರೆ ಬಡಗು ದಿಕ್ಕಿಗೆ ಹೋಗುತ್ತಿದ್ದೀಯ?”

“ಹೌದು ಮಾವ. ಇಲ್ಲಿಯೂ ನಮ್ಮ ಹಾಗೆಯೇ, ಪಡುವಣಕ್ಕೆ ಕಡಲು, ಮೂಡಣಕ್ಕೆ ಬೆಟ್ಟ.”

“ಹೊಳೆ ಎಷ್ಟು ದಾಟಿದೆ?”

ಆ ಪ್ರಶ್ನೆ ಕೇಳಿದ ಮೇಲೆ ನಾನು ಈ ಆಟವನ್ನು ಆಡುವ ರೀತಿಯೇ ಬೇರೆಯಾಯಿತು. ಆ ಕರಾವಳಿಯಲ್ಲಿ ನಮ್ಮಲ್ಲಿಯಂತೆಯೇ ಬೆಟ್ಟದಿಂದ ಇಳಿದ ಹೊಳೆಗಳು ಒಂದಾದ ಮೇಲೊಂದು ಪಡುವಣ ಕಡಲನ್ನು ಸೇರುತ್ತವೆ. ಕೊಬುಲೆಟಿ ದಾಟಿದ ಮೇಲೆ ನಟನೆಬಿ, ಆಮೇಲೆ ಸುಪ್ಸಾ, ಪೋಟಿ ಬಂದರಿನಲ್ಲಿ ರಿಯೋನಿ. ರಿಯೋನಿಗೆ ಸ್ವಲ್ಪ ಮೊದಲು ಬಲಗಡೆ ಪಾಲಿಯಾಸ್ಟೋಮಿ ಎಂಬ ಅಗಲವಾದ ಸರೋವರ. ಅದು ಕಂಡರೆ ಪೋಟಿ ಬಂತೆಂದೇ ಅರ್ಥ. ರಿಯೋನಿಯನ್ನು ಹಿಡಿದು ಒಳನಾಡಿಗೆ ತಿರುಗಿದರೆ ಆ ನದಿಯೇ ಕುಟೈಸಿಯ ಕಡೆಗೆ ಕರೆದೊಯ್ಯುತ್ತದೆ. ನೇರ ಗೆರೆಗಿಂತ ದೂರ ಹೆಚ್ಚು, ಆದರೆ ಈ ದಾರಿಯಲ್ಲಿ ಡಾಪ್ಲರ್, ಗೈರೋ, ದಿಕ್ಸೂಚಿ ಮೂರೂ ಕೈಕೊಟ್ಟರೂ ಊರು ಸಿಗುತ್ತದೆ. ಹೊಸಬರಿಗೆ ನಾನು ಈಗ ಮೊದಲು ಹೇಳಿಕೊಡುವುದು ಇದನ್ನೇ.

ಮಾವ ಕಡಲಿಗೆ ಇಳಿದ ಕಾಲದಲ್ಲಿ ದೋಣಿಗಳಲ್ಲಿ ಜಿಪಿಎಸ್ ಇರಲಿಲ್ಲ. ಮೀನು ಸಿಕ್ಕಿದ ಜಾಗವನ್ನು ಮತ್ತೆ ಹುಡುಕಲು ಅವರು ದಡವನ್ನು ನೋಡುತ್ತಿದ್ದರು. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ಹಿಂದಿನ ಯಾವ ಗುಡ್ಡದ ಯಾವ ತುದಿಗೆ ನೇರವಾಗಿ ನಿಂತಿದೆ, ಇನ್ನೊಂದು ಬದಿಯಲ್ಲಿ ಯಾವ ತೋಪು ಯಾವ ಬೆಟ್ಟದ ಕೆಳಗೆ ಬಂದಿದೆ ಎಂದು ಗುರುತಿಟ್ಟುಕೊಳ್ಳುವುದು. ಹಾಗೆ ಎರಡು ನೇರಗಳು ಒಂದನ್ನೊಂದು ಕತ್ತರಿಸುವಲ್ಲಿ ನಿಮ್ಮ ದೋಣಿ. ಇನ್ನೂ ಹೊರಗೆ ಹೋದರೆ ದಡ ಮುಳುಗುತ್ತದೆ, 1,890 ಮೀಟರಿಗೂ ಎತ್ತರವಾದ ಕುದುರೆಮುಖ ಮಾತ್ರ ತಿಳಿಯಾದ ದಿನಗಳಲ್ಲಿ ಉಳಿಯುತ್ತದೆ. ಇದರಲ್ಲಿ ಹೆಜ್ಜೆ ಎಣಿಸುವ ಕೆಲಸವೇ ಇಲ್ಲ. ನಿನ್ನೆಯ ತಪ್ಪು ಇವತ್ತಿಗೆ ಬರುವುದಿಲ್ಲ, ಒಂದು ಗಂಟೆ ಮೊದಲಿನ ತಪ್ಪೂ ಬರುವುದಿಲ್ಲ. ಪ್ರತಿ ಸಲ ನೋಡಿದಾಗಲೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಡಾಪ್ಲರ್ ಮತ್ತು ಗೈರೋಗಳಿಗೆ ಇಲ್ಲದ ಶಕ್ತಿ ಇದು. ಅವುಗಳ ತಪ್ಪು ಬೆಳೆಯುತ್ತಲೇ ಹೋಗುವುದರಿಂದ ಆಗಾಗ ಹೊರಗಿನಿಂದ ಯಾರಾದರೂ ‘ನೀನು ಇಲ್ಲಿದ್ದೀಯ’ ಎಂದು ತಿದ್ದಬೇಕು.

ಇದನ್ನು ಯುದ್ಧದ ನಡುವೆ ಹೇಗೆ ಮಾಡಿದರು ಎಂಬುದಕ್ಕೆ ನನಗೆ ಬಹಳ ಇಷ್ಟವಾದ ನಿಜ ಘಟನೆಯೊಂದಿದೆ. 1991ರ ಜನವರಿ 17ರ ನಸುಕಿನಲ್ಲಿ, ಕೊಲ್ಲಿ ಯುದ್ಧದ ವಾಯುದಾಳಿ ಶುರುವಾಗುವ ಹೊತ್ತಿನಲ್ಲಿ, ಇರಾಕಿನ ಗಡಿಯ ರೇಡಾರ್ ಠಾಣೆಗಳನ್ನು ನಾಶಮಾಡಲು ಅಮೆರಿಕದ ಅಪಾಚೆ ಹೆಲಿಕಾಪ್ಟರುಗಳು ಹೊರಟವು. ಕತ್ತಲು, ಕೆಳಗೆ ಗುರುತೇ ಇಲ್ಲದ ಮರುಭೂಮಿ. ಅಪಾಚೆಗಳಲ್ಲಿ ಇದ್ದದ್ದು ಡಾಪ್ಲರ್; ಅಷ್ಟು ದೂರ ಹಾರಿದ ಮೇಲೆ ಅದರ ಲೆಕ್ಕವನ್ನು ನಂಬಿ ಕ್ಷಿಪಣಿ ಹಾರಿಸುವಂತಿರಲಿಲ್ಲ. ಅವುಗಳಿಗೆ ದಾರಿ ತೋರಿಸಲು ವಾಯುಪಡೆಯ ಎಂಎಚ್-53 ಪೇವ್ ಲೋ ಹೆಲಿಕಾಪ್ಟರುಗಳು ಮುಂದೆ ಹೋದವು. ಅವುಗಳಲ್ಲಿ ಜಿಪಿಎಸ್ ಇತ್ತು. ಗುರಿಗೆ ಸ್ವಲ್ಪ ಮೊದಲು, ಮುಂಚೆಯೇ ಗೊತ್ತುಮಾಡಿದ್ದ ಒಂದು ಜಾಗದಲ್ಲಿ, ಪೇವ್ ಲೋದವರು ಕತ್ತಲೆಯಲ್ಲಿ ಹೊಳೆಯುವ ರಾಸಾಯನಿಕ ಕಡ್ಡಿಗಳ ಕಟ್ಟನ್ನು ನೆಲಕ್ಕೆ ಎಸೆದರು. ಅಪಾಚೆಗಳು ಆ ಬೆಳಕಿನ ಮೇಲೆ ಹಾದುಹೋಗುತ್ತ ತಮ್ಮ ಡಾಪ್ಲರನ್ನು ತಿದ್ದಿಕೊಂಡವು. ರೇಡಾರ್ ಠಾಣೆಗಳು ನೆಲಸಮವಾದವು. ಕೋಟಿಗಟ್ಟಲೆ ಬೆಲೆಯ ಯಂತ್ರಗಳ ಅಷ್ಟು ದೊಡ್ಡ ದಾಳಿ ಕೊನೆಗೆ ನೆಲದ ಮೇಲೆ ಬಿದ್ದ ಕೆಲವು ಹೊಳೆಯುವ ಕಡ್ಡಿಗಳನ್ನು ನೆಚ್ಚಿಕೊಂಡಿತ್ತು.

ಅದಕ್ಕೆ 11 ವರ್ಷ ಮೊದಲು ಇರಾನಿನಲ್ಲಿ ಆದದ್ದು ಇದರ ಇನ್ನೊಂದು ಮುಖ. 1980ರ ಏಪ್ರಿಲ್ 24ರಂದು, ಟೆಹರಾನಿನಲ್ಲಿ ಒತ್ತೆಯಾಗಿದ್ದ ಅಮೆರಿಕನ್ನರನ್ನು ಬಿಡಿಸಲು ನಿಮಿಟ್ಜ್ ವಿಮಾನವಾಹಕ ಹಡಗಿನಿಂದ 8 ಆರ್‌ಎಚ್-53 ಹೆಲಿಕಾಪ್ಟರುಗಳು ಎದ್ದವು. ದಾರಿಯಲ್ಲಿ ನುಣುಪಾದ ಧೂಳಿನ ಮೋಡ ಕವಿದು ನೆಲವೂ ಕಾಣಿಸಲಿಲ್ಲ, ಜೊತೆಯವರೂ ಕಾಣಿಸಲಿಲ್ಲ. ಒಂದು ಹೆಲಿಕಾಪ್ಟರ್ ರೆಕ್ಕೆಯಲ್ಲಿ ಬಿರುಕು ಬಿಟ್ಟಿರುವ ಸೂಚನೆ ಬಂದು ನಡುದಾರಿಯಲ್ಲೇ ಇಳಿದುಬಿಟ್ಟಿತು. ಇನ್ನೊಂದರಲ್ಲಿ ಉಪಕರಣಗಳು ಕೈಕೊಟ್ಟವು, ಧೂಳಿನೊಳಗೆ ಮುಂದುವರಿಯಲಾಗದೆ ಅದು ಹಡಗಿಗೆ ಮರಳಿತು. ಮರುಭೂಮಿಯ ಸಂಧಿಸ್ಥಳವನ್ನು 6 ತಲಪಿದವು, ಅವುಗಳಲ್ಲಿ ಒಂದರ ಹೈಡ್ರಾಲಿಕ್ ವ್ಯವಸ್ಥೆ ಕೆಟ್ಟಿತ್ತು. ಕಾರ್ಯಾಚರಣೆಗೆ ಕನಿಷ್ಠ 6 ಬೇಕಿತ್ತು, ಉಳಿದದ್ದು 5. ಹಿಂದಿರುಗುವ ಗಡಿಬಿಡಿಯಲ್ಲಿ ಒಂದು ಹೆಲಿಕಾಪ್ಟರ್ ಇಂಧನದ ವಿಮಾನಕ್ಕೆ ಬಡಿದು 8 ಜನ ಸತ್ತರು. ಆ ಮಾರ್ಗವನ್ನು ನಕ್ಷೆಯಲ್ಲಿ ನೋಡುವಾಗ, ಧೂಳಿನೊಳಗೆ ಉಪಕರಣ ಕಳೆದುಕೊಂಡ ಆ ಪೈಲಟ್ ಮರಳಲು ತೀರ್ಮಾನಿಸಿದ ಕ್ಷಣದ ಬಗ್ಗೆ ನನಗೆ ಬಹಳ ಗೌರವ ಮೂಡುತ್ತದೆ. ಅವನು ಮುಂದೆ ಹೋಗಿದ್ದರೆ ಎಂದು ಕೇಳುವವರಿದ್ದಾರೆ. ನೆಲ ಕಾಣದೆ, ಬೆಟ್ಟಗಳ ನಡುವೆ, ಉಪಕರಣವನ್ನೂ ನಂಬಲಾಗದೆ ಹಾರುವುದೆಂದರೇನು ಎಂದು ಸಿಮ್ಯುಲೇಟರಿನಲ್ಲಾದರೂ ಒಮ್ಮೆ ಕಂಡವರು ಆ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಕೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ನಿಜವಾಗಿಯೂ ಆಟದ್ದೇ ಆದ ತೊಂದರೆಯ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಕೆಲವರು ಆರ್ಮಾ 3 ಆಡುತ್ತಾರೆ. ಜೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ 2013ರಲ್ಲಿ ಹೊರತಂದ ಆಟ. ಅದರ ಆಲ್ಟಿಸ್ ದ್ವೀಪ ಗ್ರೀಸಿನ ಲೆಮ್ನೋಸನ್ನು ಹೋಲುತ್ತದೆ. ಅಲ್ಲಿ ಬಹಳ ಸಲ ಹೆಲಿಕಾಪ್ಟರ್ ನಡೆಸುವುದು ಕಂಪ್ಯೂಟರ್ ಪೈಲಟ್. ನಕ್ಷೆಯಲ್ಲಿ ನಿಲುಗಡೆಗಳನ್ನು ಗುರುತು ಮಾಡಿ ಕೊಟ್ಟರೆ ಅವನು ಒಂದೊಂದಾಗಿ ಹೋಗುತ್ತಾನೆ. ಅವನಿಗೆ ಗಾಳಿಯ ಚಿಂತೆಯಿಲ್ಲ, ಎರಡು ಉತ್ತರಗಳ ಗೊಂದಲವಿಲ್ಲ. ತಾನು ಎಲ್ಲಿದ್ದೇನೆಂದು ಅವನಿಗೆ ಒಂದು ಕೂದಲೆಳೆಯೂ ಆಚೀಚೆಯಾಗದಂತೆ ಗೊತ್ತು. ಆದರೂ ಸೈನಿಕರನ್ನು ಇಳಿಸಬೇಕಾದ ಜಾಗಕ್ಕೆ ಬಂದು ಮೇಲೆಯೇ ಸುತ್ತುತ್ತಿರುತ್ತಾನೆ, ಇಲ್ಲವೇ ಹೇಳಿದ ಹೊಲವನ್ನು ಬಿಟ್ಟು ಪಕ್ಕದ ಇಳಿಜಾರಿಗೆ ಹೋಗುತ್ತಾನೆ. ಒಂದು ಮರ, ಒಂದು ಗೋಡೆ, ಸ್ವಲ್ಪ ಓರೆಯಾದ ನೆಲ ಸಾಕು. ಹಾಗಾಗಿ ಕಾರ್ಯಾಚರಣೆ ರಚಿಸುವವರು ಕಣ್ಣಿಗೆ ಕಾಣದ ಒಂದು ಹೆಲಿಪ್ಯಾಡನ್ನು ಆ ಹೊಲದಲ್ಲಿ ಇಟ್ಟಿರುತ್ತಾರೆ. ಗುಂಡು ಹಾರಿದಾಗ ದಾರಿ ಬಿಟ್ಟು ಓಡದಂತೆ ಅವನ ನಡವಳಿಕೆಯನ್ನು ‘ಯಾವುದನ್ನೂ ಲೆಕ್ಕಿಸದವನು’ ಎಂಬ ಸ್ಥಿತಿಗೆ ಬದಲಿಸಿರುತ್ತಾರೆ. ಹಾರುವ ಎತ್ತರವನ್ನು ಬೇರೆ ಆದೇಶದಿಂದ ಹೇಳಬೇಕು. ಇದೆಲ್ಲ ಮಾಡಿದರೆ ಒಂದು ಮಟ್ಟಿಗೆ ಕೇಳುತ್ತಾನೆ.

ಈ ಕಂಪ್ಯೂಟರ್ ಪೈಲಟನನ್ನೂ ಮಾವನನ್ನೂ ನಾನು ಮನಸ್ಸಿನಲ್ಲಿ ಎಷ್ಟೋ ಸಲ ಅಕ್ಕಪಕ್ಕ ಕೂರಿಸಿ ನೋಡಿದ್ದೇನೆ. ಒಬ್ಬನಿಗೆ ತನ್ನ ಅಕ್ಷಾಂಶ ರೇಖಾಂಶಗಳು ಪೂರ್ತಿ ಗೊತ್ತು, ಎದುರಿಗಿರುವುದು ಹೊಲವೋ ಬೇಲಿಯೋ ಗೊತ್ತಿಲ್ಲ. ಇನ್ನೊಬ್ಬರು ಅಕ್ಷಾಂಶವನ್ನು ಒಮ್ಮೆಯೂ ಬಾಯಲ್ಲಿ ಹೇಳಿದವರಲ್ಲ, ಆದರೆ ಅಳಿವೆಯ ಬಾಯಲ್ಲಿ ಮರಳು ಈ ವರ್ಷ ಯಾವ ಬದಿಗೆ ಕೂತಿದೆ ಎಂದು ನೀರಿನ ಬಣ್ಣ ನೋಡಿ ಹೇಳುತ್ತಿದ್ದರು. ನಕ್ಷೆಯ ಮೇಲಿನ ಚುಕ್ಕೆಯನ್ನು ತಿಳಿದವರೆಲ್ಲ ಜಾಗವನ್ನು ತಿಳಿದವರಲ್ಲ. ಜಿಪಿಎಸ್ ಪೂರ್ಣ ರೂಪದಲ್ಲಿ ಕೆಲಸ ಶುರುಮಾಡಿದ್ದು 1995ರಲ್ಲಿ, ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ, ಮಲ್ಪೆಯ ದೋಣಿಗಳ ಜೀವಗಳೂ ಅದರಲ್ಲಿ ಸೇರಿವೆ. ಅದರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಕಪ್ಪು ಸಮುದ್ರದ ಸುತ್ತಲೂ ಪೂರ್ವ ಮೆಡಿಟರೇನಿಯನ್ನಿನಲ್ಲೂ ಇತ್ತೀಚಿನ ವರ್ಷಗಳಲ್ಲಿ ಜಿಪಿಎಸ್ ಸಂಕೇತವನ್ನು ಅಡಗಿಸುವುದು, ಸುಳ್ಳು ಸಂಕೇತ ಕಳಿಸಿ ವಿಮಾನ ಹಡಗುಗಳನ್ನು ದಾರಿ ತಪ್ಪಿಸುವುದು ದಿನನಿತ್ಯದ ಸುದ್ದಿಯಾಗಿದೆ. ಹಳೆಯ ಗೈರೋ, ಡಾಪ್ಲರುಗಳ ತಪ್ಪು ನಿಧಾನವಾಗಿ, ಲೆಕ್ಕಕ್ಕೆ ಸಿಗುವಂತೆ ಬೆಳೆಯುತ್ತದೆ. ಮೋಸದ ಸಂಕೇತ ಹಾಗಲ್ಲ, ಅದು ತಪ್ಪು ಜಾಗವನ್ನು ಪೂರ್ತಿ ಆತ್ಮವಿಶ್ವಾಸದಿಂದ ತೋರಿಸುತ್ತದೆ.

ಡಿಸಿಎಸ್‌ನಲ್ಲಿ ನಮ್ಮ ಕರಾವಳಿಯ ನಕ್ಷೆ ಇಲ್ಲ. ಹಾಗಾಗಿ ಅಭ್ಯಾಸಕ್ಕೆ ಕೆಲವು ಸಲ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೆ ಹೋಗುತ್ತೇವೆ. 2022ರ ನವೆಂಬರಿನಲ್ಲಿ ಅದಕ್ಕೂ ಹೆಲಿಕಾಪ್ಟರುಗಳು ಬಂದವು. ಅದು ಯುದ್ಧದ ಆಟವಲ್ಲ, ಆದರೆ ಇಡೀ ಭೂಮಿ ಅದರಲ್ಲಿದೆ. ಬಜ್ಪೆ ವಿಮಾನ ನಿಲ್ದಾಣದಿಂದ ಎದ್ದು ಜಿಪಿಎಸ್ ಆರಿಸಿ ಮಲ್ಪೆಗೆ ಹೋಗುವುದು ಎಲ್ಲರೂ ಮಾಡಲೇಬೇಕಾದ ಪಾಠ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡುವ ಅಳಿವೆಯನ್ನು ಬೆನ್ನಿಗೆ ಹಾಕಿಕೊಂಡರೆ ಮೊದಲು ಪಣಂಬೂರಿನ ಬಂದರು, ಆಮೇಲೆ ಸುರತ್ಕಲ್ ದೀಪಸ್ತಂಭ. ನಂದಿನಿಯೂ ಶಾಂಭವಿಯೂ ಒಟ್ಟಿಗೆ ಕಡಲು ಸೇರುವ ಸಸಿಹಿತ್ಲಿನ ಹತ್ತಿರ ಮರಳ ದಿಣ್ಣೆ. ಹೆಜಮಾಡಿ, ಪಡುಬಿದ್ರಿ, ಕಾಪು. ಕಾಪು ದಾಟಿದ ಮೇಲೆ ಬರುವ ಉದ್ಯಾವರ ಹೊಳೆಯನ್ನು ನೋಡಿ ಯಾರೂ ಮರೆಯುವಂತಿಲ್ಲ: ಕಡಲು ಕೈಗೆಟಕುವಷ್ಟು ಹತ್ತಿರವಿದ್ದರೂ ಅದನ್ನು ಸೇರದೆ, ನಡುವೆ ಪಡುಕೆರೆಯ ತೆಳ್ಳನೆಯ ನೆಲದ ಪಟ್ಟಿಯನ್ನು ಬಿಟ್ಟು, ದಡಕ್ಕೆ ಸಮಾನಾಂತರವಾಗಿ ಮಲ್ಪೆಯವರೆಗೆ ಬಡಗಿಗೆ ಹರಿಯುತ್ತದೆ. ಅಲ್ಲಿಂದ ಎಡಕ್ಕೆ ನೋಡಿದರೆ ಸೇಂಟ್ ಮೇರೀಸ್ ದ್ವೀಪಗಳು. ಈ ದಾರಿಯನ್ನು ಬಸ್ಸಿನಲ್ಲಿ ನೂರಾರು ಸಲ ಹೋದವರೂ ಮೇಲಿನಿಂದ ನೋಡಿದಾಗ ಊರುಗಳ ಹೆಸರನ್ನು ತಡವರಿಸುತ್ತಾರೆ. ಹೆದ್ದಾರಿಯಿಂದ ಹೊಳೆ ಎಂದರೆ ಒಂದು ಸೇತುವೆ ಮಾತ್ರ. ಮೇಲಿನಿಂದ ಅದು ಬೆಟ್ಟದಿಂದ ಕಡಲಿನವರೆಗಿನ ಒಂದು ಇಡೀ ಬದುಕು.

ಗುರುತು ತೆಗೆದುಹಾಕುವ ನಮ್ಮ ನಿಯಮವನ್ನು ಒಪ್ಪದ ಗೆಳೆಯರೊಬ್ಬರಿದ್ದಾರೆ. ಮಂಗಳೂರಿನಲ್ಲಿ ಪಾಳಿಯ ಕೆಲಸ, ವಾರಕ್ಕೆ ಒಂದೇ ಒಂದು ಗಂಟೆ ಬಿಡುವು. ಆ ಒಂದು ಗಂಟೆಯನ್ನು ಬೆಟ್ಟಗಳ ನಡುವೆ ಊರು ಹುಡುಕುತ್ತ ಕಳೆಯಲು ಮನಸ್ಸಿಲ್ಲ ಎಂದು ಅವರು ಹೇಳುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಆದರೂ ಗುರುತು ಇಟ್ಟುಕೊಂಡು ಆಡುವಾಗ ಅವರ ಕಣ್ಣು ನೆಲದ ಮೇಲೆ ಇರುವುದೇ ಇಲ್ಲ, ನಕ್ಷೆಯ ಚುಕ್ಕೆಯ ಮೇಲಿರುತ್ತದೆ ಎನ್ನುವುದನ್ನು ನಾನು ಅವರಿಗೆ ಬಿಡದೆ ಹೇಳುತ್ತಿರುತ್ತೇನೆ. ಇನ್ನೂ ಒಬ್ಬರನ್ನೊಬ್ಬರು ಒಪ್ಪಿಸಲು ನಮ್ಮಿಂದ ಆಗಿಲ್ಲ.

ಮುಂದಿನ ಹಾರಾಟವನ್ನು ಹಾಗಾಗಿ ಎರಡು ಭಾಗ ಮಾಡಿದ್ದೇವೆ. ಬಟುಮಿಯಿಂದ ಸುಖುಮಿಗೆ, ರಾತ್ರಿ. ಪೋಟಿಯವರೆಗೆ ಬೇಕಾದವರಿಗೆ ಗುರುತು ಇರುತ್ತದೆ, ಆಮೇಲೆ ಯಾರಿಗೂ ಇಲ್ಲ. ನೇರ ಗೆರೆ ಕಡಲ ಮೇಲೆ ಹೋಗುತ್ತದೆ. ಶಾಂತವಾದ ನೀರು ಡಾಪ್ಲರಿನ ಅಲೆಗಳನ್ನು ಸರಿಯಾಗಿ ಮರಳಿಸುವುದಿಲ್ಲ, ಅಲೆಯಿದ್ದರೆ ನೀರಿನ ಚಲನೆಯೇ ಲೆಕ್ಕವನ್ನು ಕೆಡಿಸುತ್ತದೆ. ನಿಜವಾದ ಹಲವು ಡಾಪ್ಲರುಗಳಲ್ಲಿ ನೆಲಕ್ಕೂ ಕಡಲಿಗೂ ಬೇರೆ ಬೇರೆ ಸ್ಥಾನವಿರುವ ಒಂದು ಸ್ವಿಚ್ಚೇ ಇರುತ್ತದೆ. ಕಡಲ ದಾರಿ ಹಿಡಿಯುವವರು ಹಿಡಿಯಲಿ, ದಡ ಹಿಡಿಯುವವರು ಹಿಡಿಯಲಿ ಎಂದು ಬಿಟ್ಟಿದ್ದೇವೆ. ಒಂದು ಕಾಗದ, ಒಂದು ಪೆನ್ಸಿಲ್, ಒಂದು ಗಡಿಯಾರ ಎಲ್ಲರ ಬಳಿಯೂ ಇರಬೇಕು. ದಡದ ದಾರಿಯವರು ಖೋಬಿ, ಇಂಗುರಿ, ಕೊಡೋರಿ ದಾಟಿದ ಹೊತ್ತನ್ನು ಬರೆದಿಡುತ್ತಾರೆ. ಕಡಲ ದಾರಿಯವರು ಹತ್ತು ಹತ್ತು ನಿಮಿಷಕ್ಕೆ ತಾವು ಎಲ್ಲಿದ್ದೇವೆಂದು ಭಾವಿಸಿದ್ದಾರೋ ಅಲ್ಲಿ ಒಂದು ಗೀಟು ಹಾಕುತ್ತಾರೆ. ಹಾರಾಟ ಮುಗಿದ ಮೇಲೆ ದಾಖಲೆ ತೆರೆದು ಆ ಕಾಗದಗಳನ್ನು ಅದರ ಪಕ್ಕದಲ್ಲಿಟ್ಟು ನೋಡುವುದೆಂದು ಮಾತಾಗಿದೆ, ಪಾಳಿಯ ಗೆಳೆಯರೂ ಬರುತ್ತೇನೆ ಎಂದಿದ್ದಾರೆ.